ಮತ ಇಲ್ಲದಿದ್ದರೂ ಮೇರಿಗೆ ಹೋಗಿ

ಮೊನ್ನೆ ಇಲ್ಲಿ ಒಬ್ಬ ಅಕ್ಕ ಕೇಳಿದ್ದರು. ಬೆಂಗಳೂರಿನಿಂದ ಫ್ರಾನ್ಸಿನ ಟುಲೂಸ್ ಪಕ್ಕದ ಊರಿಗೆ ಬಂದು ಎರಡು ತಿಂಗಳಾಗಿದೆ, ಮಗನಿಗೆ ಮೂರೂವರೆ ವರ್ಷ. ಶಾಲೆಗೆ ಸೇರಿಸಲು ಎಲ್ಲಿಗೆ ಹೋಗಬೇಕು? ಊಟಕ್ಕೆ ಮಾಂಸ ಹಾಕಬೇಡಿ ಅಂತ ಯಾರಿಗೆ ಹೇಳಬೇಕು? ತುಂಬಾ ಜನ "ಶಾಲೆಗೇ ಹೋಗಿ ಕೇಳಿ" ಅಂದರು. ನಾನೂ ಬಂದ ಹೊಸದರಲ್ಲಿ ಹಾಗೇ ಮಾಡಿದ್ದೆ. ಶಾಲೆಯವರು ನಯವಾಗಿ ಮೇರಿಗೆ ಕಳಿಸಿದರು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೇರಿ ಅಂದರೆ ಊರಿನ ಪುರಸಭೆ ಕಚೇರಿ. ಮೇರ್ ಅಂದರೆ ಅದರ ಅಧ್ಯಕ್ಷರು. ಊರಿಗೆ ಇಲ್ಲಿ ಕಮ್ಯೂನ್ ಅನ್ನುತ್ತಾರೆ. ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಕಮ್ಯೂನ್‌ಗಳಿವೆ. ನೂರು ಜನ ಇಲ್ಲದ ಹಳ್ಳಿಗೂ ತನ್ನದೇ ಮೇರ್, ತನ್ನದೇ ಕೌನ್ಸಿಲ್. ನಮ್ಮ ವಾಸದ ಕಾರ್ಡ್ ಮಾತ್ರ ಪ್ರಿಫೆಕ್ಚರ್‌ನ ಕೆಲಸ, ಅದು ಕೇಂದ್ರ ಸರ್ಕಾರದ ಕೈ. ಹೊಸಬರು ಎರಡನ್ನೂ ಬೆರೆಸಿಕೊಂಡು ಒಂದು ದಿನ ಕಳೆದುಕೊಳ್ಳುತ್ತಾರೆ, ನೆನಪಿರಲಿ.

ಶಾಲೆಯ ಲೆಕ್ಕ ಹೀಗೆ. ಮೂರು ವರ್ಷದಿಂದ ಸುಮಾರು ಹನ್ನೊಂದರವರೆಗಿನ ಶಾಲೆ ಕಮ್ಯೂನಿನದು. ಕಟ್ಟಡ, ಬೆಂಚು, ಕ್ಯಾಂಟೀನ್, ಪುಟ್ಟ ಮಕ್ಕಳಿಗೆ ಜಾಕೆಟ್ ಹಾಕಿಸಿ ಕೈ ತೊಳೆಸುವ ಆಯಾ, ಎಲ್ಲಾ ಮೇರಿಯ ಖರ್ಚು. ಮೇಷ್ಟ್ರಿಗೆ ಸಂಬಳ ಕೊಡುವುದು, ಪಾಠ ಏನಿರಬೇಕು ಅಂತ ಹೇಳುವುದು ಸರ್ಕಾರ. ಆಮೇಲೆ ಸುಮಾರು ಹದಿನೈದರವರೆಗಿನ ಶಾಲೆಗೆ ಕೊಲೇಜ್ ಅನ್ನುತ್ತಾರೆ, ಅದು ಜಿಲ್ಲೆಯದು. ಅದರ ಮೇಲಿನ ಶಾಲೆ ಲಿಸೆ, ಅದು ಪ್ರಾಂತ್ಯದ್ದು. 2019ರಿಂದ ಮೂರು ವರ್ಷಕ್ಕೇ ಶಾಲೆ ಕಡ್ಡಾಯ. ಹಾಗಾಗಿ ಆ ಅಕ್ಕ ಮನೆ ವಿಳಾಸದ ಪುರಾವೆ, ಮಗುವಿನ ಲಸಿಕೆ ಪುಸ್ತಕ, ಜನನ ಪತ್ರ ತೆಗೆದುಕೊಂಡು ಮೊದಲು ಮೇರಿಯ ಶಾಲಾ ವಿಭಾಗಕ್ಕೆ ಹೋಗಲಿ.

ಊಟದ ವಿಷಯ ಜಾಸ್ತಿ ಎಚ್ಚರಿಕೆಯದು. ವಾರಕ್ಕೆ ಒಂದು ಊಟವಾದರೂ ಸಸ್ಯಾಹಾರ ಇರಲೇಬೇಕು ಅಂತ ಕಾನೂನಿದೆ. ಉಳಿದ ದಿನ ಏನು ಅನ್ನುವುದು ಊರಿಂದ ಊರಿಗೆ ಬೇರೆ. ಕೆಲವು ಕಡೆ ದಿನಾ ಆಯ್ಕೆ ಕೊಡುತ್ತಾರೆ, ಕೆಲವು ಕಡೆ ಇಲ್ಲ. ಫಾರಂನಲ್ಲಿ "ಮಾಂಸ ಇಲ್ಲದ ಊಟ" ಅಂತ ಗುರುತು ಹಾಕಿ ನಿಶ್ಚಿಂತೆಯಿಂದ ಇರಬೇಡಿ. ಅದರಲ್ಲಿ ಮೀನು ಬರಬಹುದು. ಸಸ್ಯಾಹಾರ ಅಂದರೂ ಮೊಟ್ಟೆ ಇರುತ್ತದೆ. ಮೀನು, ಮೊಟ್ಟೆ ಅಂತ ಬಿಡಿಸಿ ಕೇಳಿ.

ಊರಿಂದ ಊರಿಗೆ ಬೇರೆ ಅಂದೆನಲ್ಲಾ, ಅದನ್ನು ತೀರ್ಮಾನಿಸುವುದು ಊರಿನ ಕೌನ್ಸಿಲ್. ನಮ್ಮ ಊರಲ್ಲಿ ಒಂಬತ್ತು ಸಾವಿರ ಜನ, ಕೌನ್ಸಿಲಿಗೆ 29 ಸದಸ್ಯರು. ಸಂಖ್ಯೆ ಜನಸಂಖ್ಯೆಯ ಮೇಲೆ ನಿಲ್ಲುತ್ತದೆ. ಅವಧಿ ಆರು ವರ್ಷ. ಜನ ಒಬ್ಬೊಬ್ಬರಿಗೆ ಮತ ಹಾಕುವುದಿಲ್ಲ, ಅಭ್ಯರ್ಥಿಗಳ ಇಡೀ ಪಟ್ಟಿಗೆ ಹಾಕುತ್ತಾರೆ. ಪಟ್ಟಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಅಂತ ಸಾಲಾಗಿ ಇರಲೇಬೇಕು. ಗೆದ್ದ ಪಟ್ಟಿಗೆ ಮೊದಲು ಅರ್ಧ ಸೀಟು, ಉಳಿದರ್ಧ ನೂರಕ್ಕೆ ಐದಾದರೂ ಮತ ಪಡೆದ ಪಟ್ಟಿಗಳಿಗೆಲ್ಲಾ ಮತದ ಪ್ರಮಾಣದಲ್ಲಿ. ಹಾಗಾಗಿ ಗೆದ್ದವರ ಕೈ ಗಟ್ಟಿ, ಆದರೂ ವಿರೋಧದವರ ದನಿ ಒಳಗೆ ಇರುತ್ತದೆ. ಮೇರ್ ಅವರನ್ನು ಜನ ನೇರವಾಗಿ ಆರಿಸುವುದಿಲ್ಲ. ಮೊದಲ ಸಭೆಯಲ್ಲಿ ಸದಸ್ಯರು ಗುಟ್ಟಿನ ಮತದಿಂದ ಆರಿಸುತ್ತಾರೆ. ಆ ಸಭೆ ನಡೆಸುವುದು ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ ಸದಸ್ಯರು. ಇದನ್ನು ಕೇಳಿದಾಗ ನನಗೆ ಹಾಸನದ ನಮ್ಮ ಹಳ್ಳಿ ಪಂಚಾಯ್ತಿಯೇ ನೆನಪಾಯಿತು. ಅಲ್ಲೂ ಅಧ್ಯಕ್ಷರನ್ನು ಸದಸ್ಯರೇ ಅಲ್ವಾ ಆರಿಸುವುದು? ತಾತ ಎರಡು ಅವಧಿ ಸದಸ್ಯರಾಗಿದ್ದರು. ಅವರ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ.

ಬಹುಶಃ ಆ ಅಭ್ಯಾಸದಿಂದಲೇ ಇಲ್ಲೂ ಒಂದು ಸಂಜೆ ಕೌನ್ಸಿಲ್ ಸಭೆಗೆ ಹೋದೆ. ಮೂರು ತಿಂಗಳಿಗೆ ಒಂದು ಸಭೆಯಾದರೂ ಆಗಲೇಬೇಕು, ಯಾರು ಬೇಕಾದರೂ ಕೂತು ಕೇಳಬಹುದು. ದಿನಾಂಕ, ವಿಷಯಪಟ್ಟಿ ಮೇರಿಯ ಬಾಗಿಲ ಹತ್ತಿರ ಅಂಟಿಸಿರುತ್ತಾರೆ. ಗುರುತಿನ ಚೀಟಿ ಯಾರೂ ಕೇಳಲಿಲ್ಲ. ಗೋಡೆಗೆ ರಾಷ್ಟ್ರಪತಿಗಳ ಚಿತ್ರ, ಮೂಲೆಯಲ್ಲಿ ಫ್ರೆಂಚ್ ಗಣರಾಜ್ಯದ ಸಂಕೇತವಾದ ಮರಿಯಾನ್ ಅನ್ನುವ ಹೆಣ್ಣಿನ ಮೂರ್ತಿ. ಮೊದಲು ಹಾಜರಿ ಕೂಗಿದರು. ಬರಲಾಗದವರು ತಮ್ಮ ಮತವನ್ನು ಇನ್ನೊಬ್ಬ ಸದಸ್ಯರಿಗೆ ಬರೆದುಕೊಟ್ಟಿದ್ದರು. ಆಮೇಲೆ ಒಂದೊಂದೇ ವಿಷಯ. ಸಹಾಯಕ ಮೇರ್‌ಗಳಿಗೆ ಅಡ್ಜ್ವಾಂ ಅನ್ನುತ್ತಾರೆ. ಶಾಲೆಗೆ ಒಬ್ಬರು, ರಸ್ತೆಗೆ ಒಬ್ಬರು, ಹಣಕಾಸಿಗೆ ಒಬ್ಬರು. ತಮ್ಮ ವಿಷಯವನ್ನು ಅವರೇ ಓದುತ್ತಾರೆ. "ಯಾರು ವಿರೋಧ? ಯಾರು ತಟಸ್ಥ?" ಅಂತ ಮೇರ್ ಕೇಳುತ್ತಾರೆ, ಕೈಗಳು ಏಳುತ್ತವೆ, ಮುಗಿಯಿತು.

ಅವತ್ತು ಕ್ಯಾಂಟೀನ್ ದರ ಬಂದಿತ್ತು. ಮನೆಯ ಆದಾಯ ನೋಡಿ ದರ ಇಡುತ್ತಾರೆ, ಕಡಿಮೆ ಆದಾಯದವರಿಗೆ ಕಡಿಮೆ. ವಿರೋಧದ ಒಬ್ಬ ಹೆಂಗಸು ಎದ್ದು, ಮೂರು ಮಕ್ಕಳಿರುವ ಮನೆಗೆ ಇದು ಭಾರ ಅಂತ ಹತ್ತು ನಿಮಿಷ ಮಾತಾಡಿದರು. ಅವರ ಮಾತು ಗೆಲ್ಲಲಿಲ್ಲ. ಆದರೆ ನಮ್ಮ ಮನೆಗೆ ತಿಂಗಳ ಕೊನೆಗೆ ಬರುವ ಬಿಲ್ಲಿನ ಹಿಂದೆ ಇಷ್ಟು ಮಾತು ನಡೆಯುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಕೇಳಲು ಬಂದವರು ಬಾಯಿ ಬಿಡುವಂತಿಲ್ಲ. ನನಗೂ ಊಟದ ಬಗ್ಗೆ ಕೇಳುವುದಿತ್ತು. ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಶಾಲೆಯ ಅಡ್ಜ್ವಾಂ ಸಿಕ್ಕರು. ಅರ್ಧಂಬರ್ಧ ಫ್ರೆಂಚಿನಲ್ಲಿ ಹೇಳಿದೆ. ನಿಂತು ಪೂರ್ತಿ ಕೇಳಿಸಿಕೊಂಡರು.

ಮತದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಇರುವ ನಮಗೆ ಊರಿನ ಚುನಾವಣೆಯಲ್ಲಿ ಮತ ಇಲ್ಲ, ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದರೂ ಇಲ್ಲ. ಯುರೋಪ್ ಒಕ್ಕೂಟದ ಬೇರೆ ದೇಶದವರಿಗೆ ಇದೆ. ಅವರು ಸದಸ್ಯರೂ ಆಗಬಹುದು, ಮೇರ್ ಅಥವಾ ಅಡ್ಜ್ವಾಂ ಮಾತ್ರ ಆಗುವಂತಿಲ್ಲ. ನಮ್ಮಂಥವರಿಗೂ ಕೊಡುತ್ತೇವೆ ಅಂತ 1981ರಲ್ಲಿ ಮಿತ್ತೆರಾಂ ರಾಷ್ಟ್ರಪತಿ ಚುನಾವಣೆಗೆ ನಿಂತಾಗ ಮಾತು ಕೊಟ್ಟಿದ್ದರು. ಅದು ಆಗಲೇ ಇಲ್ಲ. ನನಗೆ ಇದು ನೋವಿನ ವಿಷಯ, ಮುಚ್ಚಿಡುವುದಿಲ್ಲ.

ಆದರೆ ಒಂದು ಮತ ನಮಗೂ ಇದೆ, ಅದನ್ನು ನಮ್ಮವರು ಸುಮ್ನೆ ಬಿಟ್ಟುಬಿಡುತ್ತಾರೆ. ಪ್ರತಿ ಅಕ್ಟೋಬರ್‌ನಲ್ಲಿ ಶಾಲೆಯಲ್ಲಿ ಪೋಷಕರ ಪ್ರತಿನಿಧಿಗಳ ಚುನಾವಣೆ ನಡೆಯುತ್ತದೆ. ಯಾವ ದೇಶದವರಾದರೂ ಸರಿ, ಅಪ್ಪನಿಗೂ ಅಮ್ಮನಿಗೂ ಒಂದೊಂದು ಮತ. ನಿಲ್ಲಲೂಬಹುದು. ಗೆದ್ದವರು ಶಾಲಾ ಸಭೆಯಲ್ಲಿ ಮುಖ್ಯೋಪಾಧ್ಯಾಯರು, ಮೇಷ್ಟ್ರುಗಳ ಜೊತೆ ಕೂರುತ್ತಾರೆ. ಆ ಸಭೆಗೆ ಮೇರ್ ಅಥವಾ ಅವರ ಪ್ರತಿನಿಧಿಯೂ ಸದಸ್ಯರು. ಕೌನ್ಸಿಲ್ ಸಭೆಯಲ್ಲಿ ಬಾಯಿ ಮುಚ್ಚಿ ಕೂತಿದ್ದ ನಾನು ಇಲ್ಲಿ ಅದೇ ಅಡ್ಜ್ವಾಂ ಎದುರು ಕೂತು ಮಾತಾಡಿದೆ. ಮೀನು ಬೇಡದ ಮಕ್ಕಳಿಗೆ ಬೇಳೆ, ಕಾಳು ಕೊಡಬಹುದಾ ಅಂತ ಕೇಳಿದೆ. ನಾವು ನಾಲ್ಕು ಮನೆಯವರಷ್ಟೇ ಅಂದುಕೊಂಡಿದ್ದೆ. ಫ್ರೆಂಚ್ ತಾಯಂದಿರೇ ಆರು ಜನ ಜೊತೆಗೆ ನಿಂತರು.

ಇನ್ನೊಂದು ಬಾಗಿಲು ಸಂಘದ್ದು. 1901ರ ಕಾನೂನಿನ ಪ್ರಕಾರ ಇಬ್ಬರು ಸೇರಿದರೂ ಸಂಘ ನೋಂದಾಯಿಸಬಹುದು. ನೋಂದಾಯಿಸಿದರೆ ಕನ್ನಡ ತರಗತಿಗೆ ಮೇರಿಯ ಹಾಲ್ ಕೇಳಬಹುದು. ನವೆಂಬರ್ 1 ಇಲ್ಲೂ ರಜೆ, ರಾಜ್ಯೋತ್ಸವಕ್ಕೆ ಅನುಕೂಲ. ಪೂಜೆಗೆ ಅಂತ ಅನುದಾನ ಕೇಳಬೇಡಿ, ಇಲ್ಲಿನ ಕಾನೂನು ಒಪ್ಪುವುದಿಲ್ಲ. ಭಾಷೆ, ಹಾಡು, ಕುಣಿತ ಅಂತ ಕೇಳಿ. ಸೆಪ್ಟೆಂಬರ್‌ನಲ್ಲಿ ತುಂಬಾ ಊರುಗಳಲ್ಲಿ ಸಂಘಗಳ ಮೇಳ ಆಗುತ್ತದೆ, ಅಲ್ಲಿ ಒಂದು ಮೇಜು ಹಾಕಿಕೊಂಡು ಕೂತರೆ ಅಡ್ಜ್ವಾಂಗಳೇ ಬಂದು ಮಾತಾಡಿಸುತ್ತಾರೆ.

ಅಕ್ಕ, ಮೇರಿಗೆ ಒಬ್ಬರೇ ಹೋಗಲು ಹಿಂಜರಿಕೆ ಆದರೆ ಹೇಳಿ. ಬುಧವಾರ ಮಧ್ಯಾಹ್ನ ನನಗೆ ಬಿಡುವಿದೆ, ನಿಮ್ಮ ಜೊತೆ ಬರುತ್ತೇನೆ. ಮಗನನ್ನೂ ಕರೆದುಕೊಂಡು ಬನ್ನಿ.