ಅಪ್‌ಡೇಟ್: ಪಿಜಿ ಸೀಟಿನ ಆಪ್ಷನ್ ಎಂಟ್ರಿ, ಇಬ್ಬರಿಗೂ ಸೀಟು ಸಿಕ್ಕಿತು

ತೀರ್ಥಹಳ್ಳಿ ಕಡೆ ನನ್ನ ಜೊತೆ ಕೆಲಸ ಮಾಡುವ ಇಬ್ಬರು ಜೂನಿಯರ್ ಡಾಕ್ಟರುಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಪಿಜಿಗೆ ಬೇಕಾದ ಕಾಲೇಜು, ವಿಭಾಗಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದರಲ್ಲಿ, ಹೇಗೆ ನೆರವಾಗಲಿ ಎಂದು ಹದಿನೈದು ದಿನದ ಹಿಂದೆ ಇಲ್ಲಿ ಕೇಳಿದ್ದೆ ಅಲ್ವಾ?

"ಸಿಗುತ್ತೋ ಇಲ್ವೋ ಬಿಡಿ, ಬೇಕಾದದ್ದನ್ನೇ ಮೇಲೆ ಹಾಕಿ" ಅಂದವರ ಮಾತೇ ಕೈಹಿಡಿಯಿತು. ರ‍್ಯಾಂಕ್ ಪ್ರಕಾರ ನಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದಲೇ ನೋಡುತ್ತಾರೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಪೆಟ್ಟಿಲ್ಲ. ಹಳೇ ಕಟಾಫ್ ಹಿಡಿದು ಕೂತಾಗ ಸುಮ್ನೆ ಗಾಬರಿ ಜಾಸ್ತಿಯಾಯಿತು, ಅಷ್ಟೇ.

ರಾತ್ರಿ ಡ್ಯೂಟಿ ರೂಮಿನಲ್ಲಿ ಪೆನ್ಸಿಲ್ ಹಿಡಿದು ಪಟ್ಟಿ ಬರೆದೆವು. ಹುಡುಗಿ ರೇಡಿಯಾಲಜಿ ಎಂದು ಬರೆದು ಮೂರು ಸಲ ಅಳಿಸಿದಳು. ಯಾಕಮ್ಮಾ ಅಂದೆ. "ಸರ್, ನನಗೆ ಮಕ್ಕಳ ವಿಭಾಗ ಇಷ್ಟ. ಯಾರೂ ಕೇಳಲೇ ಇಲ್ಲ." ಆರು ತಿಂಗಳಿಂದ ನಾನೂ ಕೇಳಿರಲಿಲ್ಲ, ಬೇಜಾರಾಯಿತು. ಈಗ ಅವಳಿಗೆ ಪೀಡಿಯಾಟ್ರಿಕ್ಸೇ ಸಿಕ್ಕಿದೆ!

ಮಲೆನಾಡಿನವರು ಎಂಟ್ರಿಯನ್ನು ಕೊನೇ ದಿನಕ್ಕೆ ಬಿಡಬೇಡಿ. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ.