ಕೆಚ್ಚಲು ಬಾವು ಜೆಂಟಾಮೈಸಿನ್‌ಗೆ ಬಗ್ಗುತ್ತಿಲ್ಲ, ಯಾಕೆ?

ಪ್ರಶ್ನೆ: ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸು. ಒಂದು ಮೊಲೆ ಗಟ್ಟಿಯಾಗಿದೆ, ಹಾಲು ಒಡೆದಂತೆ ಬರುತ್ತಿದೆ. ಮೂರು ದಿನ ಜೆಂಟಾಮೈಸಿನ್ ಇಂಜೆಕ್ಷನ್ ಆಯಿತು. ಎನ್ರೋಫ್ಲಾಕ್ಸಾಸಿನ್ ಎಂಬ ಬೇರೆ ಆ್ಯಂಟಿಬಯಾಟಿಕ್‌ಗೆ ಬದಲಿಸಬಹುದೇ?

ಉತ್ತರ 1: ಜೆಂಟಾಮೈಸಿನ್ ಅಮಿನೋಗ್ಲೈಕೋಸೈಡ್ ಎಂಬ ಆ್ಯಂಟಿಬಯಾಟಿಕ್ ಗುಂಪಿನದು, ರಕ್ತದಿಂದ ಕೆಚ್ಚಲಿಗೆ ಸರಿಯಾಗಿ ಇಳಿಯುವುದಿಲ್ಲ, ಕೆಚ್ಚಲು ಬಾವು ತರುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಮೇಲೂ ಅಷ್ಟಕ್ಕಷ್ಟೆ. ಎನ್ರೋಫ್ಲಾಕ್ಸಾಸಿನ್ ಇಳಿಯುತ್ತದೆ ನಿಜ, ಆದರೆ ಕಲ್ಚರ್ (ಹಾಲಿನಲ್ಲಿರುವ ರೋಗಾಣು ಯಾವುದೆಂದು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ವರದಿ ನೋಡದೆ ಬೇಡ. ಮೊಲೆತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಮೊದಲ ಮೂರ್ನಾಲ್ಕು ಧಾರೆ ಚೆಲ್ಲಿ, ನಂತರದ್ದನ್ನು ಸ್ಟೆರೈಲ್ ಬಾಟಲಿಗೆ ಹಿಡಿದು ಐಸ್‌ನಲ್ಲಿ ಕಳಿಸಿ. ಔಷಧ ಶುರುವಾಗಿದೆ ಎಂದು ಲ್ಯಾಬ್‌ಗೆ ತಿಳಿಸಿ.

ಉತ್ತರ 2: ವರದಿಯಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಬಂದರೆ ಪೆನಿಸಿಲಿನ್, ಸೆಫಲೋಸ್ಪೊರಿನ್ ಎರಡೂ ವ್ಯರ್ಥ. ಅವು ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ (ಹೊರಗೋಡೆ) ಕಟ್ಟುವುದನ್ನು ತಡೆಯುವ ಔಷಧಗಳು. ಮೈಕೋಪ್ಲಾಸ್ಮಾಗೆ ಆ ಭಿತ್ತಿಯೇ ಇಲ್ಲ.

ಉತ್ತರ 3: ಮೊಲೆಯೊಳಗೆ ಔಷಧದ ಟ್ಯೂಬ್ ಏರಿಸುವಾಗ ಅದರ ನಳಿಕೆ 3 ಮಿ.ಮೀ. ಒಳಹೋದರೆ ಸಾಕು. ನಾಲ್ಕೂ ಮೊಲೆಯ ಹಾಲನ್ನು ಡೇರಿಗೆ ಹಾಕಬೇಡಿ. ಲೇಬಲ್‌ನಲ್ಲಿ ಹಾಲು ತಡೆಯುವ ಅವಧಿ ಇಲ್ಲದಿದ್ದರೆ ಕೊನೆಯ ಡೋಸ್‌ನಿಂದ ಕನಿಷ್ಠ 7 ದಿನ. ಕುದಿಸಿದರೆ ಔಷಧದ ಅಂಶ ಹೋಗುತ್ತದೆ ಎನ್ನುವುದು ಸುಳ್ಳು.