‘ಇನ್ ಹಿಸ್ ಪ್ರೈಮ್’ಗೆ ಏನಂತೀರಿ? ಜೊತೆಗೆ ‘ಗೆಲ್ಲುತ್ತಿದ್ದ’ದ ತೊಡಕು

ಎಲ್ಲರಿಗೂ ನಮಸ್ಕಾರ.

ಬಾಕ್ಸರ್ ಮುಹಮ್ಮದ್ ಅಲಿಯ ಕೊನೆಗಾಲದ ಪಂದ್ಯಗಳ ಕುರಿತ ಒಂದು ಕಾರ್ಯಕ್ರಮಕ್ಕೆ ಕನ್ನಡ ನಿರೂಪಣೆ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಮಿಕ್ಕಿದ್ದೆಲ್ಲ ಎರಡು ದಿನದಲ್ಲಿ ಮುಗಿಯಿತು. ಒಂದು ಸಾಲು ಮಾತ್ರ ಹತ್ತು ದಿನದಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಲ್ಯಾರಿ ಹೋಮ್ಸ್ ಕೈಲಿ ಅಲಿ ಏಟು ತಿನ್ನುವುದನ್ನು ತೋರಿಸಿದ ಮೇಲೆ ಬರುವ ಪ್ರಶ್ನೆ ಅದು: ‘ಇನ್ ಹಿಸ್ ಪ್ರೈಮ್’ ಆಗಿದ್ದರೆ ಅಲಿ ಗೆಲ್ಲುತ್ತಿದ್ದನೇ? (ಆಟಗಾರನ ಬಲ, ಚುರುಕು ಎಲ್ಲ ತುದಿಗೇರಿದ ಕಾಲಕ್ಕೆ ಇಂಗ್ಲಿಷಿನವರು ಹೀಗನ್ನುತ್ತಾರೆ.) ಸ್ಕ್ರಿಪ್ಟ್ ಕಳಿಸಿದವರು ಅನುಕೂಲವಾಗಲಿ ಅಂತ ಜೊತೆಗೊಂದು ಯಂತ್ರಾನುವಾದವನ್ನೂ ಇಟ್ಟಿದ್ದರು. ಅದರಲ್ಲಿ ಅಲಿ ‘ತನ್ನ ಅವಿಭಾಜ್ಯದಲ್ಲಿ’ ಇದ್ದ! ಪ್ರೈಮ್ ನಂಬರ್ ಅಂದರೆ ಅವಿಭಾಜ್ಯ ಸಂಖ್ಯೆ ಅಂತ ಕಲಿಸಿದ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ನೆನಪಾದರು. ಅಂದಹಾಗೆ ಆ ಪಂದ್ಯದ ದಿನ ಅಲಿಗೆ 38. ಅದು ಎರಡರಿಂದ ಸಲೀಸಾಗಿ ಭಾಗವಾಗುತ್ತದೆ.

ಬಾಕ್ಸಿಂಗ್ ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. 1980ರ ಅಕ್ಟೋಬರ್ 2, ಲಾಸ್ ವೇಗಸ್. ಹೋಮ್ಸ್‌ಗೆ 30 ವರ್ಷ. ಒಂದು ಕಾಲಕ್ಕೆ ಅಲಿಯ ಜೊತೆ ಅಭ್ಯಾಸಕ್ಕೆ ನಿಲ್ಲುತ್ತಿದ್ದ ಹುಡುಗ ಅವನು. ಅಲಿ ಎರಡು ವರ್ಷದಿಂದ ಒಂದೂ ಪಂದ್ಯ ಆಡಿರಲಿಲ್ಲ. ಹತ್ತು ಸುತ್ತು ಆದ ಮೇಲೆ ತರಬೇತುದಾರ ಆಂಜೆಲೊ ಡಂಡಿ ಸಾಕು ಅಂತ ನಿಲ್ಲಿಸಿಬಿಟ್ಟ. ಅಲಿ ಪಂದ್ಯ ಮುಗಿಸಲಾಗದೆ ಸೋತದ್ದು ಜೀವಮಾನದಲ್ಲಿ ಅದೊಂದೇ ಸಲ. ಇದಕ್ಕೆ ಎದುರಾಗಿ ಅಭಿಮಾನಿಗಳು ಯಾವಾಗಲೂ ಎತ್ತಿಕೊಳ್ಳುವುದು 1966ರ ನವೆಂಬರಿನ ಹ್ಯೂಸ್ಟನ್ ಪಂದ್ಯ. ಅಲಿಗೆ ಆಗ 24. ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಮೂರನೇ ಸುತ್ತಿಗೇ ಮುಗಿದುಹೋದ. ಆ ಅಲಿ ಈ ಹೋಮ್ಸ್‌ಗೆ ಸಿಕ್ಕಿದ್ದರೆ ಅನ್ನುವುದೇ ಜಗಳ.

ನಾನು ಬರೆದು ಹೊಡೆದುಹಾಕಿದ ಪದಗಳು ಇವು. ‘ವೃತ್ತಿಜೀವನದ ಉತ್ತುಂಗದಲ್ಲಿ’: ಪತ್ರಿಕೆಯವರ ಮಾತು, ಬಾಯಲ್ಲಿ ಯಾರೂ ಆಡುವುದಿಲ್ಲ. ‘ಉಚ್ಛ್ರಾಯ ಸ್ಥಿತಿ’ ಅಂದರೆ ವಿಜಯನಗರದ ಪಾಠ. ‘ಫಾರ್ಮ್’ ಒಂದು ಸೀಸನ್‌ನದು, ಬರುತ್ತೆ ಹೋಗುತ್ತೆ. ‘ಅವನ ಕಾಲದಲ್ಲಿ’ ಕೇಳಲು ಚೆನ್ನಾಗಿದೆ, ಆದರೆ 1980 ಕೂಡ ಅವನ ಕಾಲವೇ ಅಂತ ಯಾರಾದರೂ ವಾದಿಸಿದರೆ ಉತ್ತರವಿಲ್ಲ.

ಹೀಗಿರುವಾಗ ಹೋದ ಭಾನುವಾರ ನಮ್ಮ ಸೋದರಮಾವನ ಜೊತೆ ಗಾಂಧಿ ಬಜಾರಿನ ಕಡೆಯ ಒಂದು ದರ್ಶಿನಿಯಲ್ಲಿ ನಿಂತಿದ್ದೆ. ಮಾವ ಹುಡುಗನಾಗಿದ್ದಾಗ ಪೇಟೆಯ ಗರಡಿಯಲ್ಲಿ ಸಾಮು ಮಾಡಿದವರು. ಎಡಗಿವಿ ಇನ್ನೂ ಹಿಂಡಿದ ಬಟ್ಟೆಯ ಹಾಗೆ ಮುದುರಿಕೊಂಡಿದೆ. ಅವರ ವಾಕಿಂಗ್ ಗೆಳೆಯರು ಪುತ್ತೂರಿನ ಕಡೆಯವರು, ಬೆಂಗಳೂರಿಗೆ ಬಂದು ನಲವತ್ತು ವರ್ಷವಾದರೂ ‘ಮಾರಾಯ್ರೆ’ ಬಿಟ್ಟಿಲ್ಲ. ಮಾತು ಮೈಕ್ ಟೈಸನ್ ಮೇಲೆ ಹೊರಳಿತು. 2024ರ ನವೆಂಬರಿನಲ್ಲಿ 58ರ ಟೈಸನ್ 27ರ ಜೇಕ್ ಪಾಲ್ ಎದುರು ಸೋತದ್ದನ್ನು ಇಬ್ಬರೂ ಮೊಬೈಲಲ್ಲಿ ನೋಡಿದ್ದಾರೆ.

ಮಾವ ಅಂದರು, ‘ವಯಸ್ಸಲ್ಲಿ ಆಗಿದ್ದಿದ್ರೆ ಆ ಹುಡುಗ ಒಂದ್ ನಿಮಿಷ ನಿಲ್ತಿರ್ಲಿಲ್ಲ ಕಣೋ.’

ಗೆಳೆಯರು ಬೈ ಟೂ ಲೋಟ ಊದಿಕೊಳ್ಳುತ್ತಾ, ‘ಪ್ರಾಯ ಆಗಿದೆ ಅಲ್ವಾ ಮಾರಾಯ್ರೆ ಅವನಿಗೆ’ ಅಂದರು.

ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸಿದರು. ನನಗೆ ಮಾತ್ರ ವಡೆ ಕೈಯಲ್ಲೇ ಉಳಿಯಿತು. ಗಮನಿಸಿದಿರಾ? ‘ವಯಸ್ಸಲ್ಲಿ’ ಅಂದರೆ ಹರೆಯದಲ್ಲಿ, ‘ವಯಸ್ಸಾಗಿದೆ’ ಅಂದರೆ ಮುಪ್ಪು. ‘ವಯಸ್ಸಿಗೆ ಬಂದ ಮಗಳು’ ಮದುವೆಗೆ ಬಂದವಳು, ‘ವಯಸ್ಸಾದವರು’ ಬಸ್ಸಿನಲ್ಲಿ ಸೀಟು ಬಿಟ್ಟುಕೊಡಬೇಕಾದವರು. ಒಂದೇ ಪದ, ಸಪ್ತಮಿ ಹಚ್ಚಿದರೆ ಯೌವನ, ‘ಆಗು’ ಸೇರಿಸಿದರೆ ಮುದಿತನ. ‘ಪ್ರಾಯ’ವೂ ಅಷ್ಟೇ. ನಮ್ಮ ಕಡೆ ‘ಪ್ರಾಯದ ಹುಡುಗ’ ಅಂದರೆ ಮೀಸೆ ಚಿಗುರಿದವನು. ಕರಾವಳಿಯಲ್ಲಿ ‘ಪ್ರಾಯ ಆಯಿತು’ ಅಂದರೆ ಕೋಲು ಹಿಡಿಯುವ ಕಾಲ ಬಂತು. ವರ್ಷದ ಲೆಕ್ಕ ಕೇಳುವುದಕ್ಕೂ ಅಲ್ಲಿ ‘ಪ್ರಾಯ ಎಷ್ಟು?’ ಎಂದೇ. ಹಾಗಾಗಿ ‘ಅಲಿ ಪ್ರಾಯದಲ್ಲಿದ್ದಿದ್ದರೆ’ ಎಂದು ನಾನು ಬರೆದರೆ ಮಂಗಳೂರಿನ ಕಿವಿಗೆ ಹೇಗೆ ಕೇಳಿಸುತ್ತದೆ? ಇದು ನನ್ನ ಮೊದಲ ಪ್ರಶ್ನೆ, ಆ ಕಡೆಯವರು ದಯವಿಟ್ಟು ಹೇಳಿ.

‘ವಯಸ್ಸಲ್ಲಿ’ ಎಂದೇ ಇಟ್ಟುಬಿಡೋಣವೇ ಅಂದುಕೊಂಡೆ. ಆದರೆ ಬಾಕ್ಸಿಂಗ್‌ನ ಕತೆ ಅಷ್ಟು ಸರಳವಲ್ಲ. ಜಾರ್ಜ್ ಫೋರ್ಮನ್ 1974ರಲ್ಲಿ ಕಿನ್ಶಾಸಾದಲ್ಲಿ 25ರ ಗೂಳಿಯಂತಿದ್ದಾಗ 32ರ ಅಲಿಗೆ ಎಂಟನೇ ಸುತ್ತಿನಲ್ಲಿ ಸೋತ. ಅದೇ ಫೋರ್ಮನ್ 1994ರಲ್ಲಿ, 45ನೇ ವಯಸ್ಸಿನಲ್ಲಿ, ಮೈಕಲ್ ಮೂರರ್‌ನನ್ನು ಮಲಗಿಸಿ ಮತ್ತೆ ಹೆವಿವೇಟ್ ಚಾಂಪಿಯನ್ ಆದ. ಇನ್ನು 2002ರಲ್ಲಿ ಲೆನಾಕ್ಸ್ ಲೂಯಿಸ್ ಟೈಸನ್‌ನನ್ನು ಸೋಲಿಸಿದಾಗ ‘ಪಾಪ, ಟೈಸನ್‌ಗೆ ವಯಸ್ಸಾಗಿತ್ತು’ ಅಂದವರೇ ಹೆಚ್ಚು. ಹುಟ್ಟಿದ ತಾರೀಖು ನೋಡಿದರೆ ಲೂಯಿಸನೇ ಒಂಬತ್ತು ಹತ್ತು ತಿಂಗಳು ದೊಡ್ಡವನು. ಅಂದರೆ ‘ಪ್ರೈಮ್’ ಎಂಬುದು ವರ್ಷಕ್ಕೆ ಅಂಟಿಕೊಂಡ ಮಾತಲ್ಲ. ಹರೆಯ, ಜವ್ವನ, ಏರುಜವ್ವನ ಎಲ್ಲವೂ ಈ ಕಾರಣಕ್ಕೇ ಬಿದ್ದುಹೋಗುತ್ತವೆ. ‘ಜವ್ವನದ ಅಲಿ’ ಅಂದರಂತೂ ಅವನು ಉದ್ಯಾನವನದಲ್ಲಿ ವಿರಹದಿಂದ ಅಡ್ಡಾಡುತ್ತಿರುವ ಹಾಗಿರುತ್ತದೆ.

ಪದ ಕೊಟ್ಟವರೂ ಮಾವನೇ, ಅವರಿಗೆ ಗೊತ್ತಿಲ್ಲದೆ. ಲೂಯಿಸ್ ವಿಷಯ ಹೇಳಿದೆ. ಅವರು ಲೋಟ ಇಟ್ಟು, ಮೇಜಿನ ಮೇಲೆ ಅಂಗೈ ಊರಿ, ಮಣ್ಣು ಕಲಸುವವರ ಹಾಗೆ ತಿಕ್ಕಿ ತೋರಿಸಿದರು. ‘ಮಟ್ಟಿ ನೋಡು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡ್ತೀವಿ. ಹಳೇ ಮಣ್ಣಾದ್ರೂ ಹದವಾಗಿದ್ರೆ ಕೆಲಸ ಕೊಡುತ್ತೆ, ಹೊಸದಾದ್ರೂ ಹದ ಇಲ್ದಿದ್ರೆ ಮೈ ತರಚುತ್ತೆ. ಮೈಯೂ ಅಷ್ಟೇ ಕಣೋ. ಅವನ ಮೈ ಹದ ತಪ್ಪಿತ್ತು, ಇವನ್ದು ಹದವಾಗಿತ್ತು.’

ಹದ! ಪಾಕಕ್ಕೆ ಹದ, ಮಳೆ ಬಿದ್ದ ಹೊಲಕ್ಕೆ ಹದ, ಕತ್ತಿಯ ಬಾಯಿಗೆ ಹದ. ಬೇಗ ಬರಬಹುದು, ತಡವಾಗಿ ಬರಬಹುದು, ತಪ್ಪಬಹುದು, ಮತ್ತೆ ಹಿಡಿಯಬಹುದು. ಫೋರ್ಮನ್‌ಗೂ ಹೊಂದುತ್ತದೆ. ವಸ್ತುಗಳಿಗೆ ಹೇಳುವ ಮಾತನ್ನು ಮನುಷ್ಯರಿಗೆ ಹೇಳಬಹುದೇ ಎಂದು ಮನೆಯವಳು ಕೇಳಿದಳು. ‘ಆರೋಗ್ಯ ಹದಗೆಟ್ಟಿದೆ’ ಎಂದು ದಿನಾ ಓದುತ್ತೇವಲ್ಲ, ಕೆಡುವುದಕ್ಕೆ ಇರುವ ಹದ ಕೂಡುವುದಕ್ಕೆ ಯಾಕಿಲ್ಲ? ಈ ಪದದ ಹಳೆಯ ರೂಪ ‘ಪದ’. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಇದೂ ಹದವಾಯಿತು. ತಮಿಳಿನಲ್ಲಿ ಇನ್ನೂ ‘ಪದಂ’ ಎಂದೇ ಉಳಿದಿದೆ. ಪದ ಹುಡುಕುತ್ತಾ ಹೋಗಿ ಹದಕ್ಕೆ ಬಂದು ನಿಂತೆ ಅಂತ ಸ್ವಲ್ಪ ಬೀಗುತ್ತಿದ್ದೇನೆ, ಮನ್ನಿಸಿ. (‘ಹದಿಹರೆಯ’ವನ್ನು ಇದಕ್ಕೆ ತಳುಕು ಹಾಕಬೇಡಿ. ಅಲ್ಲಿನ ‘ಹದಿ’ ಹದಿಮೂರು, ಹದಿನಾಲ್ಕರ ಹದಿ.)

ಎರಡನೇ ತೊಡಕು ಕ್ರಿಯಾಪದದ್ದು. ‘ಅಲಿ ಗೆಲ್ಲುತ್ತಿದ್ದ’ ಎಂಬ ವಾಕ್ಯವನ್ನು ಒಂಟಿಯಾಗಿ ಓದಿ. ಆಗೆಲ್ಲ ಗೆಲ್ಲುವುದು ಅವನ ರೂಢಿಯಾಗಿತ್ತು ಎಂದೂ ಅರ್ಥ, ಗೆಲುವಿನ ಹಾದಿಯಲ್ಲಿದ್ದ ಎಂದೂ ಅರ್ಥ, ಆಡಿದ್ದರೆ ಗೆದ್ದೇಬಿಡುತ್ತಿದ್ದ ಎಂದೂ ಅರ್ಥ. ನಡೆದದ್ದಕ್ಕೂ ನಡೆಯದ್ದಕ್ಕೂ ನಮ್ಮಲ್ಲಿ ಒಂದೇ ಅಂಗಿ. ಶಾಲೆಯಲ್ಲಿ ಕಲಿತ ಸಂಭಾವನಾರ್ಥಕ ಇಲ್ಲಿ ಕೈಹಿಡಿಯುವುದಿಲ್ಲ. ‘ಗೆದ್ದಾನು’ ಅಂದರೆ ಮುಂದಿನ ಮಾತು, ಅಲಿ ಈಗಿಲ್ಲ.

ಇದನ್ನು ತಪ್ಪಿಸಲು ಅನುವಾದಕರು ‘ಗೆದ್ದಿರುತ್ತಿದ್ದ’ ಎಂದು ಬರೆಯುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ಆ ರೂಪಕ್ಕೆ ಬೇರೆಯದೇ ಕೆಲಸವಿದೆ: ‘ನಾವು ಟಿಕೆಟ್ ತೋರಿಸಿ ಒಳಗೆ ಹೋಗುವಷ್ಟರಲ್ಲಿ ಅವನು ಗೆದ್ದಿರುತ್ತಿದ್ದ.’ ಅಲ್ಲಿ ಅದು ಸೊಗಸು. ಬರೀ ಊಹೆಗೆ ಅದನ್ನು ಎಳೆದು ತರುವುದು ಇಂಗ್ಲಿಷಿನ ಅಚ್ಚಿಗೆ ಕನ್ನಡ ಸುರಿದಂತೆ. ಕನ್ನಡ ಈ ಭಾರವನ್ನು ವಾಕ್ಯದ ಬಾಲದ ಮೇಲೆ ಹೊರಿಸುವುದೇ ಇಲ್ಲ, ತಲೆಯ ಮೇಲೆ ಹೊರಿಸುತ್ತದೆ. ಮಾವನ ಮಾತನ್ನೇ ನೋಡಿ: ‘ಆಗಿದ್ರೆ’ ಅನ್ನಲಿಲ್ಲ, ‘ಆಗಿದ್ದಿದ್ರೆ’ ಅಂದರು. ‘ದುಡ್ಡು ಇದ್ದರೆ ಕೊಡು’, ‘ದುಡ್ಡು ಇದ್ದಿದ್ದರೆ ಕೊಡುತ್ತಿದ್ದೆ’. ಆ ಇನ್ನೊಂದು ‘ಇದ್ದ’ ಬಂದ ಕೂಡಲೇ ಕೇಳುವವನಿಗೆ ಗೊತ್ತಾಗುತ್ತದೆ, ಕಿಸೆ ಖಾಲಿ ಅಂತ. ಆಮೇಲೆ ‘ಗೆಲ್ಲುತ್ತಿದ್ದ’ ಬಂದರೆ ಗೊಂದಲವೇ ಇಲ್ಲ.

ಇಂಥ ಜಗಳವನ್ನು ಬಗೆಹರಿಸಲು 1969ರಲ್ಲಿ ಕಂಪ್ಯೂಟರಿನ ಮೊರೆಹೋದದ್ದೂ ಉಂಟು. ನಿವೃತ್ತನಾಗಿ ಹದಿಮೂರು ವರ್ಷವಾಗಿದ್ದ ಹಳೆಯ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ತಲೆಗೆ ವಿಗ್ ಹಾಕಿಕೊಂಡು ಬಂದ. ಬಾಕ್ಸಿಂಗ್ ಲೈಸೆನ್ಸ್ ಕಳೆದುಕೊಂಡು ಮನೆಯಲ್ಲಿದ್ದ ಅಲಿಯೂ ಬಂದ. ಇಬ್ಬರನ್ನೂ ಸ್ಟುಡಿಯೋದಲ್ಲಿ ಗುದ್ದಾಡಿಸಿ, ಬಗೆಬಗೆಯ ಕೊನೆಗಳನ್ನು ಚಿತ್ರಿಸಿಕೊಂಡರು. 1970ರ ಜನವರಿಯಲ್ಲಿ ಅಮೆರಿಕದಲ್ಲಿ ತೋರಿಸಿದಾಗ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಗೆದ್ದ. ಯುರೋಪಿಗೆ ಹೋದ ರೀಲಿನಲ್ಲಿ ಅಲಿ ಗೆದ್ದ. ಇದನ್ನು ಕೇಳಿ ಮಾವ ಹೇಳಿದ್ದು, ‘ಅತ್ತೆಗೆ ಮೀಸೆ ಬಂದಿದ್ರೆ ಮಾವ ಅನ್ನಬಹುದಿತ್ತು.’ ಗಾದೆಯಲ್ಲೂ ‘ಬಂದಿದ್ರೆ’ಯೇ ಇರುವುದನ್ನು ನೋಡಿ.

ಸದ್ಯಕ್ಕೆ ನನ್ನ ಸಾಲು ಹೀಗಿದೆ: ‘ಮೈ ಹದದಲ್ಲಿದ್ದಿದ್ದರೆ ಅಲಿ ಅವತ್ತು ಗೆಲ್ಲುತ್ತಿದ್ದನೇ?’ ಮಾವನಿಗೆ ಓದಿ ಹೇಳಿದೆ. ‘ಗೆಲ್ತಿದ್ದ’ ಅಂದರು, ವ್ಯಾಕರಣದ ಗೊಡವೆಗೇ ಹೋಗದೆ. ಪುತ್ತೂರಿನವರು ಹೋಮ್ಸ್ ಪಕ್ಷ.

ಧಾರವಾಡ, ಬೆಳಗಾವಿ ಕಡೆ ಕುಸ್ತಿಯ ಕಣ ಇನ್ನೂ ಜೀವಂತ. ಅಲ್ಲಿನ ಪೈಲ್ವಾನರು ಇಂಥ ಕಡೆ ಏನನ್ನುತ್ತಾರೆ? ‘ಹದ’ ಅನ್ನುತ್ತಾರೋ, ‘ಕಸುವು’ ಅನ್ನುತ್ತಾರೋ, ಇನ್ನೇನಾದರೂ ಇದೆಯೋ? ಶುಕ್ರವಾರದೊಳಗೆ ತಿಳಿಸಿದರೆ ಸಾಲು ತಿದ್ದಲು ಸಮಯವಿದೆ.